ಅಡುಗೆ ಎಣ್ಣೆ ಮತ್ತು ಜೀವಕೋಶಗಳ ಸಂದೇಶ ವ್ಯವಸ್ಥೆ

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿ ಹಾಗೂ ನೆರೆಯ ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಡಲೆಕಾಯಿ ಬೆಳೆಯುವ ಪ್ರದೇಶವಾಗಿದ್ದು, ಇಲ್ಲಿನ ಅಡುಗೆಯಲ್ಲಿ ಕಡಲೆಕಾಯಿ ಎಣ್ಣೆಯ ಬಳಕೆ ರೂಢಿಯಲ್ಲಿದೆ. ಈ ಎಣ್ಣೆಯು ದೇಹದಲ್ಲಿ ಮಾಡುವ ಕೆಲಸವನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಪ್ರತಿಯೊಂದು ಜೀವಕೋಶವನ್ನೂ ಎರಡು ಪದರಗಳ ತೆಳುವಾದ ಪೊರೆಯು ಆವರಿಸಿದೆ. ನಾವು ಸೇವಿಸುವ ಎಣ್ಣೆಯ ಕೊಬ್ಬಿನಾಮ್ಲಗಳು ಈ ಪೊರೆಯಲ್ಲಿ ಸೇರಿಕೊಳ್ಳುತ್ತವೆ. ಅನೇಕ ಹಾರ್ಮೋನುಗಳ ಸಂದೇಶವನ್ನು ಗ್ರಹಿಸುವ ಪ್ರೋಟೀನುಗಳು ನೆಲೆಸಿರುವುದೂ ಇಲ್ಲಿಯೇ.

ಪೊರೆಯು ಸಂದೇಶವಸ್ತುಗಳ ಕಣಜವೂ ಹೌದು. ಗಾಯವಾದಾಗ ಕಿಣ್ವವೊಂದು ಪೊರೆಯಿಂದ ಅರಾಕಿಡೋನಿಕ್ ಆಮ್ಲವನ್ನು ಬಿಡಿಸಿ ತೆಗೆಯುತ್ತದೆ. ಅದರಿಂದ ಪ್ರೋಸ್ಟಾಗ್ಲಾಂಡಿನ್‌ಗಳು ತಯಾರಾಗಿ ನೋವು, ಊತಗಳು ಉಂಟಾಗುತ್ತವೆ. ಆಸ್ಪಿರಿನ್ ಈ ತಯಾರಿಕೆಯನ್ನೇ ತಡೆಯುತ್ತದೆಂದು 1971ರಲ್ಲಿ ಜಾನ್ ವೇನ್ ತೋರಿಸಿದರು. ಜಠರದ ಒಳಪದರವನ್ನು ಕಾಯುವುದೂ ಪ್ರೋಸ್ಟಾಗ್ಲಾಂಡಿನ್‌ಗಳೇ ಆದ್ದರಿಂದ, ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿರುವುದು ಅಪಾಯಕಾರಿ.

ಲಿನೋಲಿಕ್ ಮತ್ತು ಆಲ್ಫಾ ಲಿನೋಲೆನಿಕ್ ಆಮ್ಲಗಳನ್ನು ದೇಹವು ತಾನೇ ತಯಾರಿಸಲಾರದು. ಕಡಲೆಕಾಯಿ ಹಾಗೂ ಹುಚ್ಚೆಳ್ಳಿನಲ್ಲಿ ಮೊದಲನೆಯದು ಸಾಕಷ್ಟಿದೆ. ಎರಡನೆಯದು ಇಲ್ಲವೆನ್ನುವಷ್ಟು ಕಡಿಮೆ. ಮಿದುಳು ಮತ್ತು ಅಕ್ಷಿಪಟಲದ ಪೊರೆಗಳಿಗೆ ಅವಶ್ಯವಾದ ಡಿಎಚ್‌ಎ ಆಮ್ಲವನ್ನು ದೇಹವು ಅಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುವುದು ಈ ಎರಡನೆಯದರಿಂದ.

ಇದಕ್ಕಾಗಿ ಕಡಲೆಕಾಯಿ ಎಣ್ಣೆಯನ್ನು ಬಿಡಬೇಕಾಗಿಲ್ಲ. ಊಟದೊಂದಿಗೆ ಅಗಸೆ ಬೀಜದ ಚಟ್ನಿಪುಡಿಯನ್ನು ಸೇರಿಸಿಕೊಳ್ಳಬಹುದು. ಇಡಿಯಾದ ಬೀಜವು ಬಹುಪಾಲು ಜೀರ್ಣವಾಗದೆ ಹೋಗುವುದರಿಂದ ಹುರಿದು ಪುಡಿ ಮಾಡುವುದು ಅವಶ್ಯಕ. ಮೀನು ಸೇವಿಸುವವರಿಗೆ ಡಿಎಚ್‌ಎ ನೇರವಾಗಿ ದೊರೆಯುತ್ತದೆ. ಗರ್ಭಿಣಿಯರು ಆಹಾರದಲ್ಲಿ ಬದಲಾವಣೆ ಮಾಡಿಕೊಳ್ಳುವ ಮುನ್ನ, ತಾಯಿ ಕಾರ್ಡ್‌ನೊಂದಿಗೆ ತಪಾಸಣೆಗೆ ಬಂದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ವಿಚಾರಿಸತಕ್ಕದ್ದು.