ಕೋಳಿಯ ಜ್ವರ ಅಳೆಯುವ ಚಿಪ್

ನಮಗೆ ಜ್ವರ ಬಂದ್ರೆ ಮನೆಯಲ್ಲಿ ಹಣೆ ಮುಟ್ಟಿ ನೋಡ್ತಾರೆ. ಕೋಳಿಯ ಮೈ ಮೊದಲೇ 41-42 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತೆ, ಮುಟ್ಟಿದರೆ ಏನೂ ತಿಳಿಯಲ್ಲ. ಅದು ತೂಕಡಿಸುತ್ತ ಮೂಲೆ ಸೇರಿದಾಗ ನಮಗೆ ಗೊತ್ತಾಗೋದು. ಹಕ್ಕಿಜ್ವರದಲ್ಲಿ ಎಷ್ಟೋ ಸಲ ಅದೂ ಕಾಣಲ್ಲ, ಒಮ್ಮೆಲೇ ಸಾಯುತ್ತವೆ.

2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿ, ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯಲ್ಲೇ ಹೀಗಾಯಿತು. ಮೊದಲು ಟರ್ಕಿ ಕೋಳಿಗಳು ಸತ್ತವು. ಭೋಪಾಲದ ಪ್ರಯೋಗಾಲಯ ಹಕ್ಕಿಜ್ವರ ಅಂತ ಖಚಿತಪಡಿಸಿದ ಮೇಲೆ ಉಳಿದ ಹಕ್ಕಿಗಳನ್ನೂ ಕೊಲ್ಲಬೇಕಾಯಿತು. ಇಂಥ ಕಡೆ ಒಂದು ದಿನ ಮೊದಲು ಸುಳಿವು ಸಿಕ್ಕರೂ ದೊಡ್ಡದು.

ಅದಕ್ಕೊಂದು ದಾರಿ, ಚರ್ಮದ ಕೆಳಗೆ ಕೂರಿಸುವ ಸೆನ್ಸರ್. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಗಾಜಿನ ಕೊಳವೆ, ಒಳಗೆ ತಾಮ್ರದ ಕಾಯಿಲ್, ಒಂದು ಚಿಪ್, ತಾಪ ಅಳೆಯುವ ಸರ್ಕ್ಯೂಟ್. ಬ್ಯಾಟರಿ ಇಲ್ಲ. ಹೊರಗಿನ ರೀಡರ್‌ನ ಕಾಂತಕ್ಷೇತ್ರದಿಂದ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತೆ, ಚಿಪ್ ಎದ್ದು ತನ್ನ ನಂಬರು, ತಾಪ ಹೇಳಿ ಮತ್ತೆ ಮಲಗುತ್ತೆ. ಫಸ್ಟ್ ಇಯರ್‌ನಲ್ಲಿ ಓದಿದ ಫ್ಯಾರಡೆ ನಿಯಮವೇ ಇದು. ಆದರೆ ರೀಡರ್ ತೀರಾ ಹತ್ತಿರ ಇರಬೇಕು. ದೂರಕ್ಕೆ ಸಿಗ್ನಲ್ ಬೇಕಂದ್ರೆ ಬ್ಯಾಟರಿ ಬೇಕು, ತೂಕ ಏರುತ್ತೆ. ಜಪಾನಿನ ಸಂಶೋಧಕರು ಅಂಥ ಸೆನ್ಸರನ್ನು ರೆಕ್ಕೆಗೆ ಕಟ್ಟಿ ನೋಡಿದ್ದಾರೆ.

ಈಗ ಇದನ್ನ ನಮ್ಮ ಧಾರವಾಡ ಜಿಲ್ಲೆಯ ಶಲವಡಿಯಂಥ ಊರಿಗೆ ತನ್ನಿ. ಇಲ್ಲಿ ಜವಾರಿ ಕೋಳಿ ಹಗಲೆಲ್ಲ ಓಣಿ ತಿರುಗಿ ಸಂಜೆ ಬುಟ್ಟಿಯೊಳಗೆ ಸೇರುತ್ತೆ. ಹಾಗಾಗಿ ರೀಡರ್ ಇಡೋ ಜಾಗ ಆ ಬುಟ್ಟಿಯೇ. ಕೋಳಿಯ ತಾಪ ಹಗಲು ಹೆಚ್ಚು, ರಾತ್ರಿ ಕಡಿಮೆ. ದಿನಾ ಒಂದೇ ಹೊತ್ತಿಗೆ ಅಳೆದರೆ ಹೋಲಿಸೋದು ಸುಲಭ.

ನಿಜವಾದ ತೊಡಕು ಬೇಸಿಗೆ. ಏಪ್ರಿಲ್ ಬಿಸಿಲಿಗೇ ಕೋಳಿಯ ಮೈ ಕಾಯುತ್ತೆ. "ಇಷ್ಟು ಡಿಗ್ರಿ ದಾಟಿದರೆ ಅಲಾರಂ" ಅಂತ ಕೋಡ್ ಬರೆದರೆ ದಿನಾ ಸುಳ್ಳು ಅಲಾರಂ. ಅದರ ಬದಲು ಕೋಳಿಗಳನ್ನ ಒಂದಕ್ಕೊಂದು ಹೋಲಿಸಬೇಕು. ಎಲ್ಲದರ ತಾಪವೂ ಒಟ್ಟಿಗೆ ಏರಿದರೆ ಬಹುಶಃ ಬಿಸಿಲು. ಇವತ್ತು ಒಂದು, ನಾಳೆ ಪಕ್ಕದ ಎರಡು ಅಂತ ಏರಿದರೆ ಅನುಮಾನ ಪಡಬೇಕು.

ಆಗಲೂ ಚಿಪ್‌ಗೆ ಗೊತ್ತಿರೋದು ಜ್ವರ ಮಾತ್ರ. ಅದು ಹಕ್ಕಿಜ್ವರವೋ ಕೊಕ್ಕರೆ ರೋಗವೋ ಅಂತ ಹೇಳೋದು ಪ್ರಯೋಗಾಲಯ. ಎಲ್ಲ ಕೋಳಿಗೂ ಚಿಪ್ ಹಾಕೋ ಖರ್ಚೂ ಬೇಡ, ಹಿಂಡಿಗೆ ನಾಲ್ಕೈದು ಕಾವಲು ಕೋಳಿ ಸಾಕು. ಹಾಂ, ಅವು ಸಾರಿನ ಪಾತ್ರೆಗೆ ಹೋಗೋ ಮುಂಚೆ ಚಿಪ್ ತೆಗೆಯೋದು ಮರೀಬಾರದು!

ಸೆನ್ಸರ್ ಆಗಲೇ ಇದೆ. ಬುಟ್ಟಿಗೆ ಹೊಂದುವ ಅಗ್ಗದ ರೀಡರ್, ಬಿಸಿಲನ್ನೂ ಜ್ವರವನ್ನೂ ಬೇರೆ ಮಾಡುವ ಕೋಡ್, ಪಶುವೈದ್ಯರಿಗೆ ಹೋಗುವ ಒಂದು ಮೆಸೇಜ್ ಬೇಕು. ಪ್ರಾಜೆಕ್ಟ್ ಹುಡುಕುತ್ತಿರೋರು ಯೋಚಿಸಿ ನೋಡ್ರಿ.