ನಿಮಗಿದು ಗೊತ್ತೆ? ಮಾತಾಡುವ ಸಾಧನ ಮಗುವಿನ ಮಾತನ್ನು ತಡೆಯುವುದಿಲ್ಲ

ಮಾತು ಬಾರದ ಮಗುವಿಗೆ, ಚಿತ್ರ ಒತ್ತಿದರೆ ದನಿ ಹೊರಡುವ ಟ್ಯಾಬ್ ಕೊಟ್ಟರೆ ಅದು ಬಾಯಿಬಿಟ್ಟು ಮಾತಾಡುವುದನ್ನೇ ಮರೆತೀತು ಎಂಬ ಭಯ ಅನೇಕ ತಂದೆತಾಯಿಯರದು. ಸಾಕ್ಷ್ಯ ಹೇಳುವುದು ಬೇರೆಯೇ. ಅಮೆರಿಕದ ಸಂಶೋಧಕರು 2006ರಲ್ಲಿ ಮಾತಿಗೆ ಪೂರಕವಾದ ಸಂವಹನ ವಿಧಾನಗಳ ಕುರಿತ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಗಟ್ಟಿ ಪುರಾವೆಯಿದ್ದ 27 ಮಂದಿಯ ವಿವರ ಪರಿಶೀಲಿಸಿದರು. ಶೇ 89ರಷ್ಟು ಮಂದಿಯ ಮಾತು ಹೆಚ್ಚಿತ್ತು, ಉಳಿದವರದು ಇದ್ದಂತೆಯೇ ಇತ್ತು, ಒಬ್ಬರದೂ ಕುಗ್ಗಿರಲಿಲ್ಲ. ಹೆಚ್ಚಳ ದೊಡ್ಡದೇನಲ್ಲ, ನಿಜ. ಆದರೆ ಹಸಿವು, ನೋವು ಹೇಳಿಕೊಳ್ಳಲು ಮಗು ಮಾತು ಬರುವವರೆಗೂ ಏಕೆ ಕಾಯಬೇಕು?

‘ಕೊಡಿಸಿದೆವು, ಮುಟ್ಟಲೇ ಇಲ್ಲ’ ಎಂಬ ದೂರಿಗೂ ಉತ್ತರವಿದೆ. ಯಾವ ಕೂಸಾದರೂ ಮೊದಲ ತೊದಲಿಗೆ ಮುನ್ನ ತಿಂಗಳುಗಟ್ಟಲೆ ನಮ್ಮ ಮಾತು ಕೇಳಿರುತ್ತದೆ. ಸಾಧನದ ಬಳಕೆಯನ್ನೂ ಹಾಗೆಯೇ ಕಂಡು ಕಲಿಯಬೇಕು. ದೋಸೆ ಬಡಿಸುತ್ತ ‘ಇನ್ನೂ ಬೇಕಾ?’ ಎನ್ನುವ ಅಮ್ಮ ‘ಇನ್ನೂ’, ‘ಬೇಕು’ ಚಿತ್ರಗಳನ್ನು ತಾನೇ ಒತ್ತಿ ತೋರಿಸಬೇಕು, ಉತ್ತರಕ್ಕೆ ಸುಮ್ಮನೆ ಕಾಯಬೇಕು. ಸಾಧನದಲ್ಲಿ ಬರೀ ತಿಂಡಿಯ ಹೆಸರು ತುಂಬಿದರೆ ಸಾಲದು; ‘ಬೇಡ’, ‘ನಿಲ್ಲಿಸು’ ಎನ್ನುವ ಹಕ್ಕೂ ಮಗುವಿಗಿದೆ. ಟ್ಯಾಬ್ ದುಬಾರಿಯಾದರೆ ರಟ್ಟಿಗೆ ಅಂಟಿಸಿದ ಚಿತ್ರಗಳಿಂದಲೇ ಶುರುಮಾಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಸಂವಹನ ವಿಧಾನಗಳಿಗೆಂದೇ ಪ್ರತ್ಯೇಕ ಘಟಕವಿದೆ.