ಗುಣಮಟ್ಟದ ಪ್ರಮಾಣಪತ್ರ: ಅದು ಹೇಳುವುದೇನು, ಹೇಳದಿರುವುದೇನು?

ಶಾಲೆ, ಆಸ್ಪತ್ರೆ, ಸಹಕಾರಿ ಬ್ಯಾಂಕು, ಕಾರ್ಖಾನೆಗಳ ನಾಮಫಲಕಗಳಲ್ಲಿ ‘ಐಎಸ್‌ಒ 9001’ ಎಂಬ ಬರಹವನ್ನು ಸದ್ಭಕ್ತರು ಕಂಡಿರುತ್ತಾರೆ. ಅದಿದ್ದಲ್ಲಿ ಸರಕೂ ಸೇವೆಯೂ ಉತ್ತಮವೆಂಬುದು ಬಹುಜನರ ನಂಬಿಕೆ. ಅದು ಅರ್ಧ ಮಾತ್ರ ಸರಿ.

ಇದರ ಬೇರು ಇರುವುದು ಯುದ್ಧಸಾಮಗ್ರಿಯ ಖರೀದಿಯಲ್ಲಿ. ಸಿದ್ಧವಾದ ಒಂದೊಂದು ಬಿಡಿಭಾಗವನ್ನೂ ಪರೀಕ್ಷಿಸುತ್ತ ಕೂರುವುದಕ್ಕಿಂತ ತಯಾರಕನು ಕೆಲಸ ಮಾಡುವ ಕ್ರಮವನ್ನೇ ಪರಿಶೀಲಿಸುವುದು ಲೇಸೆಂದು ಸೈನ್ಯಗಳು ಕಂಡುಕೊಂಡವು. ಅಮೆರಿಕದ ಸೈನ್ಯವು 1959ರಲ್ಲಿ ಅಂಥ ನಿಯಮಾವಳಿಯನ್ನು ರೂಪಿಸಿತು. ಬ್ರಿಟನ್ 1979ರಲ್ಲಿ ಬಿಎಸ್ 5750 ಎಂಬ ಮಾನಕವನ್ನು ಹೊರತಂದಿತು. ಅದರ ಆಧಾರದ ಮೇಲೆ ಜಿನೀವಾದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1987ರಲ್ಲಿ 9000 ಸರಣಿಯನ್ನು ಪ್ರಕಟಿಸಿತು. ಯುರೋಪಿನ ರಾಷ್ಟ್ರಗಳು ಏಕ ಮಾರುಕಟ್ಟೆಯಾಗಲು ಹೊರಟ ಆ ಕಾಲದಲ್ಲಿ ದೊಡ್ಡ ಕಂಪನಿಗಳು ತಮಗೆ ಸರಕು ಒದಗಿಸುವವರಿಂದ ಈ ಪತ್ರವನ್ನು ಕೇಳತೊಡಗಿದವು. ಅವರು ತಮಗೆ ಒದಗಿಸುವವರಿಂದ ಕೇಳಿದರು. ಹೀಗೆ, ಬಹುಮಟ್ಟಿಗೆ ಕಾನೂನಿನ ಒತ್ತಾಯವಿಲ್ಲದೆಯೇ, ಅದು 170ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು.

ಮಾನಕವನ್ನು ರಚಿಸಿದ ಸಂಸ್ಥೆ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವವರು ಬೇರೆ ಪ್ರಮಾಣೀಕರಣ ಸಂಸ್ಥೆಗಳು. ಅವರ ಪರಿಶೋಧಕರು ನೋಡುವುದು ಮುಖ್ಯವಾಗಿ ಕ್ರಮವನ್ನು: ಒಪ್ಪಿಕೊಂಡ ರೀತಿಯಲ್ಲಿ ಕೆಲಸ ನಡೆದಿದೆಯೇ, ದಾಖಲೆ ಇದೆಯೇ, ದೂರು ಬಂದಾಗ ಕಾರಣ ಹುಡುಕಿ ತಿದ್ದಿದ್ದಾರೆಯೇ. ವಸ್ತುವಿನ ಮೇಲೆ ಒತ್ತಿದ ಮುದ್ರೆ ಅದಲ್ಲ. ಪರಿಶೀಲನೆಗೆ ಒಳಗಾಗುವವರೇ ಪರಿಶೀಲಕರಿಗೆ ಶುಲ್ಕ ತೆರುತ್ತಾರೆ ಎಂಬುದು ಈ ವ್ಯವಸ್ಥೆಯ ಸಡಿಲ ಗಂಟು. ಹೆಸರಿಗಷ್ಟೇ ಪತ್ರ ಮಾರುವವರು ಹುಟ್ಟಿಕೊಂಡಿರುವುದೂ ಇಲ್ಲಿಂದಲೇ.

ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ದಿನ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದ ಪ್ರಸಂಗ ನಮಗೆಲ್ಲ ಪರಿಚಿತ. ಅಲ್ಲಿ ಪರಿಶೋಧನೆ ಮನೆಯೊಳಗೇ ಇತ್ತು. ಈ ಮಾನಕವೂ ಸಂಸ್ಥೆಯು ತನ್ನನ್ನು ತಾನೇ ಪರಿಶೋಧಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಿದೆ ಎಂಬುದನ್ನು ಪತ್ರಕ್ಕೆ ಚೌಕಟ್ಟು ಹಾಕಿಸುವವರು ಮರೆಯುವುದುಂಟು. ಹೊರಗಿನವರು ಬರುವುದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಕಾಯಕ ನಡೆಯುವುದು ಪ್ರತಿದಿನ.

ಆದ್ದರಿಂದ ಪತ್ರ ಕಂಡಾಗ ಓದಿ ನೋಡಬೇಕು. ಸಾಮಾನ್ಯವಾಗಿ ಅದರ ಅವಧಿ ಮೂರು ವರ್ಷ. ಕೊಟ್ಟ ಸಂಸ್ಥೆಗೆ ಮಾನ್ಯತೆ ಉಂಟೇ ಎಂಬುದೂ ಮುಖ್ಯ. ನಮ್ಮ ದೇಶದಲ್ಲಿ ಅಂಥ ಮಾನ್ಯತೆ ನೀಡುವುದು ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾದ ಎನ್‌ಎಬಿಸಿಬಿ. ಎಲ್ಲಕ್ಕಿಂತ ಹೆಚ್ಚಾಗಿ ‘ವ್ಯಾಪ್ತಿ’ ಎಂಬ ಸಾಲನ್ನು ಗಮನಿಸಬೇಕು. ಆಸ್ಪತ್ರೆಯ ಗೋಡೆಯ ಮೇಲಿನ ಪತ್ರವು ಅದರ ಆಡಳಿತ ಕಚೇರಿಗೆ ಮಾತ್ರ ಸಂದಿರಬಹುದು.